ಮೈಸೂರಿನಿಂದ ಒಂದೂವರೆ ತಾಸು

ತಂಗೆವ್ವ ಸುಳ್ಳು ಹೇಳುವ ಹೆಂಗಸಲ್ಲ. ಕಂಡದ್ದನ್ನು ಮೂರು ಪಟ್ಟು ಉದ್ದ ಮಾಡಿ ಹೇಳುತ್ತಿದ್ದಳೇ ಹೊರತು, ಕಾಣದ್ದನ್ನು ಕಟ್ಟಿ ಹೇಳುವ ಚಾಳಿ ಅವಳಿಗಿರಲಿಲ್ಲ. ಅದಕ್ಕೇ ಆವತ್ತು ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಕೂತು ಅವಳು ಆಡಿದ ಮಾತು ರಾಜೇಶ್ವರಿಯ ಎದೆಗೆ ನೆಟ್ಟಗೆ ಹೋಗಿ ನಾಟಿತು.

ರಾಜೇಶ್ವರಿಯ ತಂದೆ, ರಾಮದುರ್ಗದ ನಿಜಗುಣಪ್ಪ, ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಓಣಿಯವರು, ಬೀಗರು, ಎಲ್ಲರೂ ಬಂದು ಮಾತಾಡಿಸಿ ಹೋಗಿದ್ದರು. ದೂರದ ಸಂಬಂಧದ ಚಿಗವ್ವ ತಂಗೆವ್ವ ಒಬ್ಬಳೇ ಬಾಕಿ. ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದವಳು ತಿರುಗಿ ಬಂದ ಮೇಲೆ ಮೊಣಕಾಲು ಹಿಡಿದುಕೊಂಡು ಮಲಗಿಬಿಟ್ಟಿದ್ದಳು.

"ಸಿಟ್ಟಾಗಬ್ಯಾಡವ್ವ ರಾಜವ್ವ, ಕಾಲ ಕೆಳಗ ಊರಾಕ ಆಗತಿರಲಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪಗ ಎದಿ ಹಿಡದಿದ್ದ ದಿವಸನ ನಾ ಮೈಸೂರು ಬಿಟ್ಟಿದ್ದು. ಮಗಳು ವಿಮಾನದಾಗ ಕುಂದರಿಸಿ ಕಳಿಸಿದ್ಲು. ಏನ್ ಹೇಳಲೆವ್ವಾ, ರಸ್ತಾ ಹಿಡದ್ರ ಆರ್ನೂರು ಕಿಲೋಮೀಟರಂತ, ರಾತ್ರಿಯೆಲ್ಲಾ ಸೊಂಟ ಮುರಕೊಂಡು ಕುಂದರಬೇಕು. ವಿಮಾನದಾಗ ಒಂದೂವರಿ ತಾಸು! ಚಾ ಕುಡದು ಕಪ್ ಕೆಳಗಿಡೂದರಾಗ ಬೆಳಗಾವಿ ಬಂದಬಿಡ್ತು. ನಿನ್ನ ಗಂಡನೂ ಇದ್ದನಲ್ಲ, ನನ್ನ ಮುಂದಿನ ಸಾಲಿನ್ಯಾಗ. ಪಾಪ, ಮಾವನ ಸುದ್ದಿ ಕೇಳಿ ಓಡಿ ಬರಾಕಹತ್ಯಾನ ಅಂತ ಆಮ್ಯಾಲ ತಿಳಕೊಂಡೆ. ಜೀವ ಇದ್ದಾಗ ಮಾರಿ ಸಿಕ್ಕಿತಲ್ಲ ಅಂವಗ?"

ರಾಜೇಶ್ವರಿ ಚಹಾದ ಬಟ್ಟಲನ್ನು ಅವಳ ಮುಂದೆ ಇಡುತ್ತಿದ್ದವಳು ಅಲ್ಲೇ ನಿಂತಳು. "ಯಾವ ದಿವಸ ಚಿಗವ್ವಾ? ಸರಿ ನೆನಪೈತೇನು?"

"ಮಂಗಳವಾರ. ನನ್ನ ಒಪ್ಪತ್ತಿನ ದಿವಸ. ಅವರು ಕೊಟ್ಟ ಉಪ್ಪಿಟ್ಟ ಮುಟ್ಟಲಿಲ್ಲಲ್ಲ, ವಿಮಾನದಾಗಿನ ಹುಡುಗಿ ಯಾಕಜ್ಜಿ ಅಂತ ಕೇಳಿದ್ಲು. ಮಧ್ಯಾಹ್ನ ಊಟದ ಹೊತ್ತಿಗೆ ಬೆಳಗಾವ್ಯಾಗ ಇಳದ್ವಿ."

ರಾಜೇಶ್ವರಿ ತಂಗೆವ್ವನನ್ನು ಬಾಗಿಲವರೆಗೂ ಕಳಿಸಿ, ಒಳಗೆ ಬಂದು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಅವಳ ಗಂಡ ಮಹಾದೇವ ಹೊರಗಿನವನಲ್ಲ, ಅವಳ ಸೋದರತ್ತೆ ಸಾವಿತ್ರೆವ್ವನ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವನನ್ನು ನಿಜಗುಣಪ್ಪ ರಾಮದುರ್ಗಕ್ಕೆ ಕರೆತಂದು, ಮಗಳ ಸರಿಸಮ ಬೆಳೆಸಿ, ಸಾಲಿ ಓದಿಸಿ, ಮಗಳನ್ನೂ ಕೊಟ್ಟಿದ್ದ. ವಿಧವೆಯಾದ ತಂಗಿಗೆ ಆಸರೆಯಿರಲೆಂದು ಬೈಲಹೊಂಗಲದ ಪೇಟೆಯಲ್ಲಿ ಊದಿನಕಡ್ಡಿ, ಕರ್ಪೂರ, ಲೋಬಾನದ ಅಂಗಡಿ ಹಾಕಿಕೊಟ್ಟವನೂ ಅವನೇ. ಅಂಗಡಿ ಸಾವಿತ್ರೆವ್ವನ ಹೆಸರಿನಲ್ಲಿತ್ತು, ಓಡಾಟವೆಲ್ಲ ಮಹಾದೇವನದು. ಸವದತ್ತಿಯ ಗುಡ್ಡದ ಅಂಗಡಿಗಳಿಗೆ, ಕಿತ್ತೂರು-ರಾಮದುರ್ಗದ ಪೇಟೆಗೆ ಇವನದೇ ಮಾಲು. ತಿಂಗಳಿಗೊಮ್ಮೆ ಮಾಲು ನೋಡಲು ಮೈಸೂರಿಗೆ ಹೋಗುತ್ತಿದ್ದ. ರವಿವಾರ ಸಂಜೆ ಬಸ್ಸಿಗೆಂದು ಮನೆ ಬಿಟ್ಟರೆ ಬುಧವಾರ ಬೆಳಿಗ್ಗೆ ಹೆದ್ದಾರಿಯ ಮೇಲೆ ಕಿತ್ತೂರಿನಲ್ಲಿ ಇಳಿದು, ಅಲ್ಲಿಂದ ಟೆಂಪೋ ಹಿಡಿದು ಮನೆಗೆ ಬರುತ್ತಿದ್ದ. ಕಣ್ಣು ಕೆಂಪಗೆ, ಅಂಗಿ ಮುದುಡಿ. ರಾಜೇಶ್ವರಿ ನೀರು ಕಾಸಿ ಕೊಡುತ್ತಿದ್ದಳು. ಅವನು ಉಂಡು ಮಲಗಿದರೆ ಓಣಿಯ ಹುಡುಗರು ಗದ್ದಲ ಮಾಡದಂತೆ ಕಟ್ಟೆಯ ಮೇಲೆ ಕಾವಲು ಕೂರುತ್ತಿದ್ದಳು. ಮಗಳು ಉಮಾಶ್ರೀ ಧಾರವಾಡದ ಹಾಸ್ಟೆಲಿನಲ್ಲಿದ್ದುದರಿಂದ ಮನೆಯಲ್ಲಿ ಮೂವರೇ.

ಆ ಮಂಗಳವಾರ ಹೊತ್ತಿಳಿಯುವಾಗ ನಿಜಗುಣಪ್ಪನಿಗೆ ಎದೆ ಹಿಡಿದುಕೊಂಡಿತು. ಅವನ ತಮ್ಮ ಮಲಕಾಜಪ್ಪ ಅಂಬುಲೆನ್ಸಿನಲ್ಲಿ ಹಾಕಿಕೊಂಡು ಸವದತ್ತಿಯ ಮೇಲೆ ಹಾಯ್ದು ಬಂದ. ಬೈಲಹೊಂಗಲದಲ್ಲಿ ರಾಜೇಶ್ವರಿ, ಸಾವಿತ್ರೆವ್ವ ಇಬ್ಬರೂ ಹತ್ತಿದರು. ಬೆಳಗಾವಿಯ ದವಾಖಾನೆ ಮುಟ್ಟುವ ಮೊದಲೇ ರಾಜೇಶ್ವರಿ ಗಂಡನಿಗೆ ಫೋನು ಮಾಡಿದ್ದಳು.

"ಮೈಸೂರಾಗ ಅದೇನಿ," ಅಂದಿದ್ದ ಅವನು. "ಈಗಿಂದೀಗ ಬಸ್ ಹತ್ತತೇನಿ. ಆದ್ರೂ ಮುಟ್ಟೂದು ಮುಂಜಾನಿನ ಆಗತೈತಿ. ಧೈರ್ಯ ಇರಲಿ."

ಮುದುಕನಿಗೆ ಪ್ರಜ್ಞೆ ಇತ್ತು. ಮೂಗಿಗೆ ಹಾಕಿದ್ದ ನಳಿಕೆಯ ಸಂದಿಯಿಂದಲೇ "ಮಾದೇವ ಬಂದನೇನು?" ಎಂದು ಕೇಳುತ್ತಿದ್ದ. ಮಗಳ ಮುಂದೆ ಆಡಲಾರದ ಮಾತು ಏನಿತ್ತೋ, ಯಾರಿಗೆ ಗೊತ್ತು. ರಾಜೇಶ್ವರಿ ಮತ್ತೆ ಮತ್ತೆ ಹೊರಗೆ ಹೋಗಿ ಫೋನು ಮಾಡಿದಳು. "ಚಿತ್ರದುರ್ಗ ದಾಟ್ತು," ಅಂದ ಮಹಾದೇವ. ಅವಳು ಒಳಗೆ ಬಂದು ಅಪ್ಪನ ಕಿವಿಯಲ್ಲಿ ಹೇಳಿದಳು. ಆಮೇಲೆ "ದಾವಣಗೆರಿ" ಅಂದ, "ಹಾವೇರಿ" ಅಂದ, "ಹುಬ್ಬಳ್ಳಿ" ಅಂದ. ಪ್ರತಿ ಊರಿನ ಹೆಸರಿಗೂ ನಿಜಗುಣಪ್ಪ ಹೂಂ ಎನ್ನುವಂತೆ ಬೆರಳೆತ್ತುತ್ತಿದ್ದ. ಬೆಳಕು ಹರಿದಾಗ ಅವಳು "ಧಾರವಾಡಕ್ಕ ಬಂದಾನಂತಪ್ಪಾ, ಇನ್ನೇನ ಬಂದ," ಎಂದಳು. ಆ ಸಲ ಬೆರಳು ಏಳಲಿಲ್ಲ.

ಮಹಾದೇವ ಬಂದಾಗ ಹೆಣಕ್ಕೆ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಗೋಡೆಗೆ ಹಣೆ ಬಡಿದುಕೊಂಡು ಅತ್ತ. ರಾಮದುರ್ಗದಲ್ಲಿ ಮಣ್ಣು ಕೊಟ್ಟು ಬಂದ ಮೇಲೆ ಜನ ಅವನದೇ ಮಾತಾಡಿದರು. ಮಾವನ ಸಲುವಾಗಿ ರಾತ್ರಿಯೆಲ್ಲಾ ಬಸ್ಸಿನಾಗ ನಿಂತು ಬಂದಾನ ನೋಡ್ರಿ, ಹೆತ್ತ ಮಗಾ ಬರೂದಿಲ್ಲ ಹಿಂಗ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅಂದು ಸಂಜೆ ರಾಜೇಶ್ವರಿ, ಅಪ್ಪನನ್ನು ಕಳೆದುಕೊಂಡ ರಾಜೇಶ್ವರಿ, ಅವನ ಕಾಲಿಗೆ ಬಿಸಿನೀರು ಹನಿಸಿ ತಿಕ್ಕಿದ್ದಳು.

ಅದು ಈಗ ನೆನಪಾಗಿ ಅವಳ ಅಂಗೈ ಉರಿಯಿತು.

ಹೆಣ್ಣಿನ ಗೀಳೇ ಇರಬೇಕು ಅಂದುಕೊಂಡಳು. ಬೇರೇನಿದ್ದೀತು? ಅವನು ಮುಂದಿನ ಸಲ ಮೈಸೂರಿಗೆ ಹೋದಾಗ, ಮಂಗಳವಾರ, ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ ಬೆಳಗಾವಿಗೆ ಹೋದಳು. ಸಾಂಬ್ರಾದ ವಿಮಾನ ನಿಲ್ದಾಣದ ಹೊರಗೆ ಆಟೋದಲ್ಲಿ ಕಾದಳು. ಮಧ್ಯಾಹ್ನದ ಹೊತ್ತಿಗೆ ಮಹಾದೇವ ಹೊರಬಿದ್ದ. ಇಸ್ತ್ರಿ ಮುರಿಯದ ಅಂಗಿ, ಬಾಚಿದ ತಲೆ. ಅವಳ ಎದುರಿಗೆ ಬುಧವಾರ ಬೆಳಿಗ್ಗೆ ಬಂದು ನಿಲ್ಲುತ್ತಿದ್ದ ಮನುಷ್ಯನೇ ಅಲ್ಲ. ಅವನ ಆಟೋದ ಹಿಂದೆ ತನ್ನ ಆಟೋ ಬಿಡಿಸಿದಳು.

ಅವನು ಇಳಿದದ್ದು ಶಹಾಪುರದ ಒಂದು ಹಳೆಯ ಮನೆಯ ಮುಂದೆ. ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಯ ಖೋಲಿಯ ಕೀಲಿ ತೆಗೆದು ಒಳಗೆ ಹೋದ. ಕೆಳಗಿನ ಮನೆಯ ಕಟ್ಟೆಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮನೆಯೊಡತಿ ತಾರಾಬಾಯಿ. ರಾಜೇಶ್ವರಿ ಸೆರಗು ಬಿಗಿದುಕೊಂಡು ಹತ್ತಿರ ಹೋಗಿ, ಖೋಲಿ ಬಾಡಿಗೆಗೆ ಇದೆಯೇ ಎಂದು ಕೇಳಿದಳು.

"ಮಾಳಿಗಿ ಮ್ಯಾಲಿಂದು ಕೊಟ್ಟದ," ಎಂದಳು ತಾರಾಬಾಯಿ. "ಒಬ್ಬರ ಇರತಾರ. ತಿಂಗಳದಾಗ ಎರಡ ರಾತ್ರಿ ಬರತಾರಷ್ಟೇ, ರವಿವಾರ ಒಂದು, ಮಂಗಳವಾರ ಒಂದು. ಭಾಳ ಸಭ್ಯ ಮನಷ್ಯಾ."

"ಸಂಸಾರ ಕರಕೊಂಡು ಬರತಾರೇನ್ರಿ?"

"ಸಂಸಾರ ಎಲ್ಲಿಂದ ಬರಬೇಕು! ಹಿಂದ ಮುಂದ ಯಾರೂ ಇಲ್ಲಂತ ಅವರಿಗೆ. ಒಬ್ಬರ ಬರತಾರ, ಚಿವಡಾ ತರತಾರ, ಟೀವಿಯೊಳಗ ಕ್ರಿಕೆಟ್ ನೋಡತಾರ, ಮಲಗತಾರ. ಒಂದ ನರಪಿಳ್ಳಿ ಬಂದಿಲ್ಲ ಇಲ್ಲಿತನಾ."

"ಹೆಣ್ಣಮಕ್ಕಳು?"

"ಛೀ ಛೀ! ನಮ್ಮನಿಯೊಳಗ ಅಂಥಾದ್ದೆಲ್ಲಾ ನಡಿಯೂದಿಲ್ಲ. ಹೋದ ತಿಂಗಳ ಒಮ್ಮೆ ರಾತ್ರಿಯೆಲ್ಲಾ ದೀಪ ಹಚ್ಚಿಕೊಂಡ ಕುಂತಿದ್ರು. ಫೋನ್ ಮ್ಯಾಲ ಫೋನ್ ಬರತಿತ್ತು. ಯಾರದು ಅಂತ ಕೇಳಿದೆ. ಅಂಗಡಿಯವರ ಕಿರಿಕಿರಿ ಅಂದ್ರು."

ರಾಜೇಶ್ವರಿ ಕಟ್ಟೆಯ ಮೇಲಿಂದ ತಲೆ ಎತ್ತಿದಳು. ಎದುರಿನ ಮನೆಗಳ ಹಂಚಿನ ಮೇಲೆ, ಎರಡು ಓಣಿ ಆಚೆ, ಅಪ್ಪ ಸತ್ತ ದವಾಖಾನೆಯ ಬೋರ್ಡು ಕಾಣುತ್ತಿತ್ತು. ಮೇಲಿನ ಖೋಲಿಯಿಂದ ಕ್ರಿಕೆಟ್ಟಿನ ಗದ್ದಲ ಕೇಳುತ್ತಿತ್ತು.

ಮೆಟ್ಟಿಲು ಹತ್ತಿ ಹೋಗಿ ಅವನ ಕೊರಳಪಟ್ಟಿ ಹಿಡಿಯಬಹುದಾಗಿತ್ತು. ಅದಕ್ಕೇ ಬಂದಿದ್ದಳು. ದಾರಿಯುದ್ದಕ್ಕೂ ಆ ಕಾಣದ ಹೆಣ್ಣಿಗೆ ಬೈಯಲು ಬೈಗುಳ ಹೊಂದಿಸಿಕೊಂಡೂ ಬಂದಿದ್ದಳು. ಆದರೆ ಹೆಣ್ಣೇ ಇರಲಿಲ್ಲ. ಇನ್ನೊಬ್ಬಳ ಮೋಹಕ್ಕೆ ಬಿದ್ದು ಮೈಮರೆತಿದ್ದ ಎಂದಿದ್ದರೆ ಬೈದು, ಹೊಡೆದು, ಅತ್ತು ಮುಗಿಸಬಹುದಿತ್ತು. ಇವನು ಮೈಮರೆತಿರಲಿಲ್ಲ. ಎಚ್ಚರಿದ್ದ. ದೀಪ ಹಚ್ಚಿಕೊಂಡು ಕೂತಿದ್ದ. ಅವಳು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬಂದಳು.

ಮನೆಗೆ ಬಂದು ಎಲ್ಲವನ್ನೂ ಅತ್ತೆಯ ಮುಂದೆ ಇಟ್ಟಳು. ಸಾವಿತ್ರೆವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಸತ್ತವನು ಅವಳ ಒಡಹುಟ್ಟಿದ ಅಣ್ಣ, ಸುಳ್ಳು ಹೇಳಿದವನು ಹೊಟ್ಟೆಯ ಮಗ. ಕೇಳಿ ಗೋಡೆಗೆ ಒರಗಿ ಕೂತಳು. ರಾಜೇಶ್ವರಿ ಹೆದರಿ ನೀರು ತಂದಳು. ಮುದುಕಿ ನೀರು ಮುಟ್ಟಲಿಲ್ಲ.

"ಏನಂದ ಅಂವ ಆಕಿಗೆ? ಹಿಂದ ಮುಂದ ಯಾರೂ ಇಲ್ಲ ಅಂದನ?"

"ಹೌದ್ರಿ ಅತ್ತಿ."

"ಹಂಗಾರ ಇಲ್ಲದಂಗ ಮಾಡೂಣು. ಬಾಯಿಲೆ ಅಂದದ್ದು ಖರೆ ಆಗಲಿ ಅಂವಗ. ಆದ್ರ ಮನ್ಯಾಗ ಕುಂದರಿಸಿ ಕೇಳಬ್ಯಾಡ. ಮನ್ಯಾಗಾದ್ರ ಎದ್ದು ಹೊರಗ ಹೋಗತಾನ. ಬಾಯಿ ಮಾಡತಾನ. ನನ್ನ ಕಾಲಿಗೆ ಬೀಳತಾನ, ನಾ ಕರಗತೇನಿ. ಎದ್ದು ಹೋಗಾಕ ಬರದಂಥಾ ಜಾಗಾ ನೋಡು."

ಜಾಗ ಹುಡುಕುವುದು ರಾಜೇಶ್ವರಿಗೆ ಕಷ್ಟವಾಗಲಿಲ್ಲ.

ಆ ತಿಂಗಳು ಪೂರ್ತಿ ಇಬ್ಬರೂ ಮೊದಲಿನಂತೆಯೇ ಇದ್ದರು. ಮಹಾದೇವ ಬಂದರೆ ನೀರು, ಕೂತರೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅವನ ಗುಟ್ಟು ತನ್ನ ಕೈಯಲ್ಲಿದೆ, ಅದು ಅವನಿಗೆ ಗೊತ್ತಿಲ್ಲ ಎನ್ನುವುದು ರಾಜೇಶ್ವರಿಗೆ ಒಂದು ಬಗೆಯ ಸುಖವನ್ನೇ ಕೊಡುತ್ತಿತ್ತು. ಅವನು ರೊಟ್ಟಿ ಮುರಿಯುವುದನ್ನು ನೋಡುತ್ತ, ಉಣ್ಣು, ಚೊಲೊ ಉಣ್ಣು, ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದಳು. ರಾಮದುರ್ಗಕ್ಕೆ ಹೋಗಿ ಮಲಕಾಜಪ್ಪ ಕಾಕಾನಿಗೆ ಎಲ್ಲ ಹೇಳಿ ಬಂದಳು. ಅಣ್ಣನ ಸಾವಿನ ರಾತ್ರಿ ದವಾಖಾನೆಯ ಬಾಗಿಲಲ್ಲಿ ಅಳಿಯನಿಗಾಗಿ ಕಾದು ನಿಂತಿದ್ದವನು ಅವನು. "ನಾ ಏನ ಮಾಡಬೇಕು, ಅದನ್ನ ಹೇಳವ್ವಾ," ಎಂದಷ್ಟೇ ಕೇಳಿದ.

ಮಹಾದೇವ ರವಿವಾರ ಸಂಜೆ ಎಂದಿನಂತೆ ಚೀಲ ಹಿಡಿದು ಹೊರಟ. ಮಂಗಳವಾರ ಬೆಳಿಗ್ಗೆ ಅತ್ತೆ-ಸೊಸೆ ಸಾಂಬ್ರಾದಿಂದ ಮೈಸೂರಿನ ವಿಮಾನ ಹತ್ತಿದರು. ಸಾವಿತ್ರೆವ್ವ ಅದೇ ಮೊದಲು ವಿಮಾನ ಕಂಡಿದ್ದು. ಏರುವಾಗ ಸೊಸೆಯ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದವಳು ನಡುದಾರಿಯಲ್ಲಿ ತೆರೆದು, ಕಿಟಕಿಯಾಚೆಯ ಮೋಡ ನೋಡಿದಳು. "ಇಷ್ಟ ಹೊತ್ತಾ? ಇಷ್ಟ ಹೊತ್ತಿನ ದಾರಿಗೆ ನಮ್ಮಣ್ಣನ್ನ ರಾತ್ರಿಯೆಲ್ಲಾ ಕಾಯಿಸಿದ?" ಎಂದಳು.

ಮೈಸೂರಿನ ನಿಲ್ದಾಣ ಸಣ್ಣದು. ತಿರುಗಿ ಹೋಗುವ ವಿಮಾನದ ಚೀಟಿ ಪಡೆಯುವ ಕಡೆ ಕೂತಿದ್ದ ಹುಡುಗಿಗೆ ರಾಜೇಶ್ವರಿ, "ನಮ್ಮ ಯಜಮಾನ್ರು ಮಹಾದೇವ ಅಂತ, ಇದ ವಿಮಾನಕ್ಕ ಬರತಾರ. ಅವರಿಗೆ ಕಿಡಕಿ, ನನಗ ಅವರ ಬಾಜೂ, ಅತ್ತಿಯವರಿಗೆ ಆಚಿ ಬಾಜೂಕಿನ ಸೀಟ ಕೊಡವ್ವಾ, ಒಟ್ಟಿಗೆ ಇರತೇವಿ," ಎಂದಳು. ಹುಡುಗಿ ನಗುತ್ತ ಕೊಟ್ಟಳು. ಇಬ್ಬರೂ ಹಿಂದಿನ ಮೂಲೆಯಲ್ಲಿ, ಯಾವುದೋ ಯಾತ್ರೆಗೆ ಹೊರಟ ಹೆಂಗಸರ ಗುಂಪಿನ ನಡುವೆ ತಲೆ ಮೇಲೆ ಸೆರಗು ಹೊದ್ದು ಕೂತರು.

ಮಹಾದೇವ ಬಂದು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ. ಸ್ವಲ್ಪ ಹೊತ್ತಿಗೆ ಅವನ ಫೋನು ರಿಂಗಾಯಿತು. ಮಾಡಿದವನು ಮಲಕಾಜಪ್ಪ. ಹೇಳಿಕೊಟ್ಟದ್ದು ರಾಜೇಶ್ವರಿ.

"ಇಲ್ಲೇ ಮೈಸೂರಾಗ ಅದೇನಿ ಸಣ್ಣಮಾವಾ," ಎಂದ ಮಹಾದೇವ, ದಣಿದವರ ದನಿಯಲ್ಲಿ. "ಕಾರಖಾನಿಯೊಳಗ ಮಾಲು ನೋಡಾಕಹತ್ತೇನಿ. ಸಂಜಿ ಬಸ್ಸಿಗೆ ಕುಂದರತೇನಿ. ಮುಂಜಾನಿ ಕಿತ್ತೂರಿಗೆ ಇಳದು ಬರತೇನಿ. ಏನ್ ಮಾಡೂದು, ಹೊಟ್ಟಿಪಾಡು."

ಹಿಂದಿನ ಮೂಲೆಯಲ್ಲಿ ಸಾವಿತ್ರೆವ್ವನ ಕೈ ಸೊಸೆಯ ಮೊಣಕೈಯನ್ನು ಹಿಡಿದು ಹಿಂಡಿತು.

ವಿಮಾನಕ್ಕೆ ಎಲ್ಲರೂ ಹತ್ತಿದ ಮೇಲೆ ಅವರಿಬ್ಬರೂ ಕಡೆಯಲ್ಲಿ ಹತ್ತಿದರು. ಮಹಾದೇವ ಕಿಟಕಿಗೆ ಮುಖ ಮಾಡಿ ಕೂತಿದ್ದ. ಪಕ್ಕದಲ್ಲಿ ಯಾರೋ ಕೂತದ್ದು ಅರಿವಾಗಿ ಕಾಲು ಸರಿಸಿದ. ಆಮೇಲೆ ಇಳಕಲ್ ಸೀರೆಯ ಅಂಚು ಕಣ್ಣಿಗೆ ಬಿತ್ತು. ತಲೆ ಎತ್ತಿ ನೋಡಿದ. ಹೆಂಡತಿ. ನಡುದಾರಿಯಾಚೆ, ತೊಡೆಯ ಮೇಲೆ ಕೈ ಇಟ್ಟುಕೊಂಡು, ತಾಯಿ.

ಏಳಲು ಹೋದ. ಹೊಟ್ಟೆಗೆ ಕಟ್ಟಿದ್ದ ಪಟ್ಟಿ ಎಳೆಯಿತು. ಅಷ್ಟರಲ್ಲಿ ಬಾಗಿಲು ಮುಚ್ಚಿ, ಪಂಖ ಜೋರಾಗಿ ತಿರುಗಿ, ವಿಮಾನ ಓಡತೊಡಗಿತು.

"ರಾಜೂ... ನೀ ಇಲ್ಲಿ... ಅವ್ವ..."

ರಾಜೇಶ್ವರಿ ಮದುವೆಯಾದಂದಿನಿಂದ ಅವನಿಗೆ ನೀವು, ರೀ ಎಂದೇ ಅನ್ನುತ್ತ ಬಂದವಳು. ಅದಕ್ಕೂ ಮೊದಲು, ಮಲಪ್ರಭೆಯ ದಂಡೆಯಲ್ಲಿ ಕೂಡಿ ಆಡುವಾಗ, ನೀ ಅನ್ನುತ್ತಿದ್ದಳು. ಈಗ ಅದೇ ಬಾಯಿಗೆ ಬಂತು.

"ಬಸ್ಸು ಎಲ್ಲಿತನ ಬಂತು, ಹೇಳು," ಎಂದಳು. ದನಿ ಏರಿಸಲಿಲ್ಲ.

"ಏನು?"

"ಅವತ್ತ ನಾ ಫೋನ್ ಮಾಡಿದಾಗೊಮ್ಮೆ ಹೇಳತಿದ್ದಿಯಲ್ಲ ನೀನು. ಅಪ್ಪನ ಕಿವ್ಯಾಗ ಹೇಳಬೇಕು ನಾನು. ಮೊದಲನೇ ಊರು ಯಾವುದಂದಿ? ಅತ್ತಿ ಕೇಳಾಕಹತ್ಯಾರ, ಹೇಳು."

ಅವನು ತಾಯಿಯ ಕಡೆ ನೋಡಿದ. ಸಾವಿತ್ರೆವ್ವ ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ.

"ಚಿತ್ರದುರ್ಗ," ಎಂದ, ಕೇಳಿಯೂ ಕೇಳದ ಹಾಗೆ.

"ಅಪ್ಪ ಬೆರಳೆತ್ತಿದ. ಆಮ್ಯಾಲ?"

"ದಾವಣಗೆರಿ."

"ಅದಕ್ಕೂ ಎತ್ತಿದ. ಆಗ ಡಾಕ್ಟರು ಬಂದು, ನಿಮ್ಮವರು ಯಾರರ ಬರೂದಿದ್ರ ಲಗೂನ ಬರಾಕ ಹೇಳ್ರಿ ಅಂದ್ರು. ಅಳಿಯಾ ದಾರ್ಯಾಗ ಅದಾರ, ಮೈಸೂರಿಂದ ಬರಬೇಕ್ರಿ ಅಂದೆ ನಾನು. ಡಾಕ್ಟರಗೂ ನಿನ್ನ ಸಲುವಾಗಿ ಸುಳ್ಳ ಹೇಳಿದೆ, ನನಗ ಗೊತ್ತಿಲ್ಲದಂಗ. ಆಮ್ಯಾಲ ಯಾವ ಊರು?"

ಗಗನಸಖಿ ಚಹಾದ ತಟ್ಟೆ ಹಿಡಿದು ಬಂದಳು. ರಾಜೇಶ್ವರಿ ಮೂವರಿಗೂ ತೆಗೆದುಕೊಂಡಳು, ಗಂಡನ ಮುಂದಿನ ಹಲಗೆಯನ್ನು ತಾನೇ ಇಳಿಸಿ ಅದರ ಮೇಲೆ ಅವನ ಬಟ್ಟಲು ಇಟ್ಟಳು. ಅವನು ಕುಡಿಯಲಿಲ್ಲ. ಅವಳು ಕುಡಿದಳು.

"ಮಾವ ಸಾಯ್ತಾನ ಅಂತ ನಾ ತಿಳದಿರಲಿಲ್ಲ," ಎಂದ ಕಡೆಗೆ. "ಮೊದಲೂ ಎರಡ ಸಲ ಹಂಗ ಎದಿ ಹಿಡದು ಬಿಟ್ಟಿತ್ತಲ್ಲ. ಗ್ಯಾಸ್ ಇರಬೇಕಂತ ಮಾಡಿದ್ದೆ. ಮೈಸೂರಾಗ ಅದೇನಿ ಅಂತ ಒಮ್ಮೆ ಬಾಯಿಲೆ ಬಂದಬಿಡ್ತು. ಅಂದಮ್ಯಾಲ ಹೆಂಗ ಬರಲಿ? ಒಂದ ತಾಸಿಗೆ ಬಂದ ನಿಂತ್ರ ಎಲ್ಲಿದ್ದಿ ಅಂತ ಕೇಳತಿದ್ದಿಲ್ಲ ನೀನು? ಬಸ್ ಬರೂ ಹೊತ್ತ ಆಗಲಿ ಅಂತ ಕುಂತೆ. ಮಂಚದ ಮ್ಯಾಲ ಬೂಟ ಹಾಕ್ಕೊಂಡ ಕುಂತಿದ್ದೆ, ರಾಜೂ. ಮಲಗಿಲ್ಲ. ದೇವರಾಣಿ ಮಲಗಿಲ್ಲ."

"ಎರಡ ಓಣಿ ಆಚೆ," ಎಂದಳು ರಾಜೇಶ್ವರಿ.

"ನಿಮಗ್ಯಾರಿಗೂ ತಿಳಿಯೂದಿಲ್ಲ ಅದು. ಹುಟ್ಟಿದಾಗಿಂದ ಮಾವ ಉಣಿಸಿದ ಕೂಳು, ಮಾವ ಕೊಟ್ಟ ಅಂಗಡಿ, ಮಾವ ಕೊಟ್ಟ ಹೆಂಡ್ತಿ. ಎಲ್ಲಿ ಹ್ವಾದ್ರೂ ನಿಜಗುಣಪ್ಪನ ಅಳಿಯ. ತಿಂಗಳಿಗೆ ಎರಡ ರಾತ್ರಿ ಯಾರ ಅಳಿಯನೂ ಅಲ್ಲದಂಗ ಮಲಗಿದ್ರ ಏನ ಹೋತು? ಯಾವ ತಪ್ಪ ಮಾಡೇನಿ ನಾ ಅಲ್ಲಿ? ಒಂದ ಹೆಣ್ಣ ಮುಟ್ಟಿಲ್ಲ, ಒಂದ ಗ್ಲಾಸ್ ಕುಡದಿಲ್ಲ."

ಅವನು ಖರೆ ಹೇಳುತ್ತಿದ್ದನೆಂದು ರಾಜೇಶ್ವರಿಗೆ ಗೊತ್ತಿತ್ತು. ಒಂದು ಗಳಿಗೆ ಅವನ ಮಾತು ಒಳಗೆ ಇಳಿಯಿತು ಕೂಡ. ಹುಡುಗನಿದ್ದಾಗ ಊಟದ ಪಂಕ್ತಿಯಲ್ಲಿ ಎರಡನೇ ಸಲ ಕೇಳಿ ಹಾಕಿಸಿಕೊಳ್ಳದ ಮಾದೇವ ನೆನಪಾದ. ಆ ಮೇಲೆ ಏಳದ ಬೆರಳು ನೆನಪಾಯಿತು.

"ಹೆಣ್ಣ ಮುಟ್ಟಿದ್ರ ಬೈದು ಬಿಟ್ಟಬಿಡತಿದ್ದೆ ನಿನ್ನ," ಎಂದಳು. "ಮುಂದಿನ ಊರು ಹೇಳು. ಹಾವೇರಿ ಅಲ್ಲೇನು?"

"ಸಾಕ ಮಾಡು ರಾಜೂ. ಜನಾ ನೋಡಾಕಹತ್ಯಾರ."

"ನೋಡಲಿ. ಹೇಳು."

"ಹಾವೇರಿ... ಹುಬ್ಬಳ್ಳಿ..."

"ಹುಬ್ಬಳ್ಳಿ ಅಂದಾಗ ಅಪ್ಪ ಬೆರಳಿನ ತುದಿ ಅಷ್ಟ ಎತ್ತಿದ. ಕಣ್ಣ ತೆರದ. ಬಾಗಲಾ ನೋಡಿದ. ಆಮ್ಯಾಲ?"

ಮಹಾದೇವ ಬಾಯಿ ತೆರೆದ. ಧಾರವಾಡ ಎನ್ನುವ ಹೆಸರು ಗಂಟಲಿನಿಂದ ಹೊರಡಲಿಲ್ಲ. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬಿಕ್ಕತೊಡಗಿದ. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಗಗನಸಖಿ ಬಂದು, ಸರ್, ನೀರು ಬೇಕೇ, ಎಂದಳು. "ಬ್ಯಾಡವ್ವಾ, ಅವರಿಗೇನೂ ಆಗಿಲ್ಲ," ಎಂದಳು ರಾಜೇಶ್ವರಿ. ಹೊರಗೆ ಮೋಡ ಸರಿದು ಎರೆಹೊಲಗಳು ಕಂಡವು. ಇಳಿಯುವವರೆಗೂ ಅವಳು ಆ ಬಿಕ್ಕನ್ನು ಕೇಳುತ್ತ ಕೂತಳು. ತಂದೆ ಸತ್ತ ಮೇಲೆ ಅವಳ ಕಿವಿಗೆ ಹಿತವಾದ ಸದ್ದು ಅದೊಂದೇ ಎನಿಸಿತು. ಹಾಗೆನಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಸಾಂಬ್ರಾದಲ್ಲಿ ಅವನು ಅವರಿಗಿಂತ ಮುಂದೆ ಓಡಿ ಹೊರಬಿದ್ದ. ಬಾಗಿಲು ದಾಟಿದವನು ಅಲ್ಲೇ ನಿಂತುಬಿಟ್ಟ. ಎದುರಿಗೆ ಮಲಕಾಜಪ್ಪ, ಅಣ್ಣನ ರುಮಾಲು ಸುತ್ತಿಕೊಂಡು. ಅವನ ಎಡಕ್ಕೆ ತಂಗೆವ್ವ. ಬಲಕ್ಕೆ ಸವದತ್ತಿಯ ಗುಡ್ಡದ ವ್ಯಾಪಾರಿ ಶಂಕರೆಪ್ಪ. ಮಣ್ಣಿನ ದಿನ ನಾಲ್ಕು ಜನರ ನಡುವೆ ಮಹಾದೇವನ ಬೆನ್ನು ತಟ್ಟಿ, ಹೆತ್ತ ಮಗಾ ಬರೂದಿಲ್ಲ ಹಿಂಗ, ಎಂದಿದ್ದವನು ಅವನೇ.

"ಬಂದ್ಯಾ ಮಾದೇವಾ?" ಎಂದ ಮಲಕಾಜಪ್ಪ. "ಕಾರಖಾನ್ಯಾಗ ಅದೇನಿ ಅಂದಿದ್ದಿ. ಭಾಳ ಲಗೂ ಬಂತಲ್ಲಪಾ ನಿನ್ನ ಬಸ್ಸು."

ಶಂಕರೆಪ್ಪ ಮಹಾದೇವನ ಮುಖ ಒಮ್ಮೆ ನೋಡಿ, ಪಕ್ಕಕ್ಕೆ ತಿರುಗಿ ಉಗುಳಿ, ಗಾಡಿಯ ಕಡೆ ನಡೆದ. ತಂಗೆವ್ವ ಮಾತ್ರ, "ನನ್ನ ಬಾಯಿಲೆ ಬಂತಲ್ಲೋ ತಮ್ಮಾ," ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಸಾವಿತ್ರೆವ್ವ ಸೊಸೆಯ ಹೆಗಲು ಹಿಡಿದು ನಿಧಾನ ನಡೆದು ಬಂದಳು. ಮಹಾದೇವ ಅವಳ ಕಾಲಿಗೆ ಬಿದ್ದ.

"ಅವ್ವಾ, ಮನಿಗೆ ಕರಕೊಂಡ ಹೋಗು. ಹೊಡಿ, ಬಡಿ. ಮನ್ಯಾಗ ಹೊಡಿ."

"ಯಾರ ಮನಿ?" ಎಂದಳು ಸಾವಿತ್ರೆವ್ವ. "ನಿನಗ ಹಿಂದ ಮುಂದ ಯಾರೂ ಇಲ್ಲಂತ. ಇದ್ದವರನ್ನ ಸುಳ್ಳ ಇಲ್ಲ ಅನ್ನಬಾರದು, ಪಾಪ ಬರತೈತಿ. ನಿನಗ ಆ ಪಾಪ ಬ್ಯಾಡ. ನಿನ್ನ ಅರಿವಿಯ ಗಂಟು ಮುಂಜಾನಿನ ತಾರಾಬಾಯಾರ ಕಟ್ಟಿ ಮ್ಯಾಲ ಇಟ್ಟ ಬಂದೇವಿ. ಅಂಗಡ್ಯಾಗ ನಾಳಿಂದ ಸೊಸಿ ಕುಂದರತಾಳ. ಕಾಲ ಬಿಡು."

ಅವನು ಬಿಡಲಿಲ್ಲ. ಮಲಕಾಜಪ್ಪ ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಎಲ್ಲರೂ ಗಾಡಿ ಹತ್ತಿದರು. ರಾಜೇಶ್ವರಿ ಹಿಂದಿನ ಗಾಜಿನಲ್ಲಿ ನೋಡಿದಳು. ಬಿಸಿಲಿನಲ್ಲಿ, ಹೂವಿನ ಕುಂಡಗಳ ನಡುವೆ, ಚೀಲ ಕೆಳಗೆ ಬಿದ್ದು, ಅವನು ಮೊಣಕಾಲ ಮೇಲೇ ಇದ್ದ. ಬಾಡಿಗೆಯ ಗಾಡಿಯವರು ಸುತ್ತ ನಿಂತು ನೋಡುತ್ತಿದ್ದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಣ್ಣು ಕೀಳಲಿಲ್ಲ.

ದಾರಿಯಲ್ಲಿ ನೇಸರಗಿ ಊರು ಇನ್ನೂ ಬಂದಿರಲಿಲ್ಲ. ಸಾವಿತ್ರೆವ್ವ ಗಾಡಿ ನಿಲ್ಲಿಸಲು ಹೇಳಿದಳು. ಇಳಿದು, ಹೊಲದ ಬದುವಿನವರೆಗೆ ನಡೆದು, ಅಲ್ಲಿ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿದಳು. ರಾಜೇಶ್ವರಿ ಹಣೆ ಹಿಡಿದುಕೊಂಡಳು. ಚಹಾದ ಹೊರತು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮುದುಕಿ ಬಾಯೊರೆಸಿಕೊಂಡು, ಸೊಸೆಯನ್ನು ನೋಡದೆ, "ನಿನಗ ಅಪ್ಪ ಒಬ್ಬನ ಹೋದ. ನನಗ ಇಬ್ಬರೂ ಹ್ವಾದ್ರು," ಎಂದಳು. ಆ ಮೇಲೆ ತಾನೇ ಎದ್ದು ಗಾಡಿ ಹತ್ತಿ, "ನಡೀರಿ," ಎಂದಳು.

ಮಹಾದೇವ ಮೂರು ಸಲ ಬೈಲಹೊಂಗಲಕ್ಕೆ ಬಂದ. ಮೊದಲ ಸಲ ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಹಿರಿಯರಿಬ್ಬರನ್ನು ಕರೆತಂದ. ರಾಜೇಶ್ವರಿ ಅವರಿಗೆ ಚಹಾ ಕೊಟ್ಟು, ಆ ರಾತ್ರಿಯ ಕತೆಯನ್ನು ಒಂದೊಂದು ಊರಿನ ಹೆಸರಿನೊಂದಿಗೆ ಹೇಳಿದಳು. ಹಿರಿಯರು ಚಹಾ ಅರ್ಧ ಬಿಟ್ಟು ಎದ್ದು ಹೋದರು. ಮೂರನೇ ಸಲ ಅವನು ಓಣಿಯ ಬಾಯಿಯವರೆಗೆ ಬಂದು ಹಾಗೇ ಮರಳಿದನಂತೆ. ಸವದತ್ತಿ, ಕಿತ್ತೂರು, ರಾಮದುರ್ಗದ ಪೇಟೆಯಲ್ಲಿ ಅವನಿಗೆ ಚಹಾ ಕುಡಿಸುವವರು ಉಳಿಯಲಿಲ್ಲ. ಮಾತು ಅಷ್ಟು ದೂರ ಹೋಗಲು ಒಂದು ವಾರವೂ ಹಿಡಿದಿರಲಿಲ್ಲ. ಬೆಳಗಾವಿಯಲ್ಲೇ ಯಾರದೋ ಅಂಗಡಿಯಲ್ಲಿ ಊದಿನಕಡ್ಡಿಯ ಪುಡಿಕೆ ಕಟ್ಟುತ್ತ, ತಾರಾಬಾಯಿಯ ಮಾಳಿಗೆಯಲ್ಲಿ ಉಳಿದ.

ಅಂಗಡಿಯಲ್ಲಿ ರಾಜೇಶ್ವರಿ ಕೂತಳು. ಎರಡು ಸಲ ವಿಮಾನದಲ್ಲೇ ಮೈಸೂರಿಗೆ ಹೋಗಿ ಮಾಲು ನೋಡಿ ಅದೇ ದಿನ ಮರಳಿದಳು. ಆಮೇಲೆ, ಮಂದಿ ಸಾಲದೆಂದೋ ಏನೋ, ಆ ವಿಮಾನ ನಿಂತುಹೋಯಿತು. ಈಗ ಬಸ್ಸಿನಲ್ಲೇ ಹೋಗುತ್ತಾಳೆ.

ಉಮಾಶ್ರೀ ಧಾರವಾಡದ ಹಾಸ್ಟೆಲಿನಲ್ಲೇ ಇದ್ದು ಓದುತ್ತಾಳೆ. ತಂದೆಯನ್ನು ನೋಡಬೇಡ ಎಂದು ರಾಜೇಶ್ವರಿ ಅವಳಿಗೆ ಹೇಳಿಲ್ಲ, ನೋಡು ಎಂದೂ ಹೇಳಿಲ್ಲ. ಕಳೆದ ರವಿವಾರ ಮನೆಗೆ ಬಂದವಳು, ಊಟಕ್ಕೆ ಕೂತಾಗ, ತಟ್ಟೆಯಲ್ಲಿ ಬೆರಳಾಡಿಸುತ್ತ ಅಂದಳು:

"ಅಪ್ಪಾರು ಭಾಳ ಸೊರಗ್ಯಾರವ್ವ. ಬರೇ ಚುರುಮುರಿ ತಿಂದ ಮಲಗತಾರಂತ. ಅಡಗಿ ಮಾಡಾಕ ಬರೂದಿಲ್ಲ ಅವರಿಗೆ."

ಒಳಗಿನ ಖೋಲಿಯಲ್ಲಿ ಸಾವಿತ್ರೆವ್ವ ಕೆಮ್ಮುವುದನ್ನು ನಿಲ್ಲಿಸಿದಳು. ಕಿವಿಗೊಟ್ಟಿದ್ದಾಳೆಂದು ರಾಜೇಶ್ವರಿಗೆ ಗೊತ್ತಾಯಿತು. ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನು ಅವಳು ತಿರುವಿ ಹಾಕಿದಳು, ಬೇಯುವವರೆಗೂ ಕಾದಳು, ತೆಗೆದು ಮಗಳ ತಟ್ಟೆಗೆ ಹಾಕಿದಳು.

"ಕಲೀತಾರ," ಎಂದಳು. "ಪಲ್ಯಾ ಹಾಕ್ಕೋ."